ತೊಗಟೆ ಉಳಿಸಿದ ಚಮಚ

ಸೋಮವಾರಪೇಟೆಯಲ್ಲಿ ನನ್ನದೊಂದು ಹಾರ್ಡ್‌ವೇರ್ ಅಂಗಡಿ ಇದೆ. ಉಳಿ ಕೊಳ್ಳಲು ಬಂದವರಿಗೆ ಉಪದೇಶ ಮಾಡದೆ ಕಳಿಸುವ ಜಾಯಮಾನ ನನ್ನದಲ್ಲ. ಆ ಚಟ ಒಂದು ಅನಾಹುತವನ್ನೇ ತಂದಿಟ್ಟಿತು.

ವಿಶಾಲಾಕ್ಷಮ್ಮ ನನ್ನ ದೊಡ್ಡಮ್ಮ, ಅಮ್ಮನ ಅಕ್ಕ. ಶನಿವಾರಸಂತೆ ಹತ್ತಿರ ಅವರಿಗೆ ಒಂದೂವರೆ ಎಕರೆ ಕಾಫಿ ತೋಟ. ಚಿಗುರು ಕೀಳುವುದು, ಗೊಬ್ಬರ ಹಾಕುವುದು, ಕಾಂಡ ಕೊರೆಯುವ ಬೋರರ್ ಹುಳ ಬೀಳದಂತೆ ಕಾಂಡಕ್ಕೆ ಮದ್ದು ಬಳಿಯುವುದು, ಎಲ್ಲವೂ ಅವರದೇ ಕೈ. ಹುಳ ಹತ್ತಿದ ಗಿಡ ಕಿತ್ತಾಗ ಎಲ್ಲರೂ ಸೌದೆ ಮಾಡಿದರೆ ಇವರಿಗೆ ಮನಸ್ಸು ಬರಲಿಲ್ಲ. "ಇಂಥ ಗಟ್ಟಿ ಮರ ಒಲೆಗೆ ಹಾಕೋಕೆ ಹೊಟ್ಟೆ ಉರೀತದೆ ಕಣೋ" ಎನ್ನುತ್ತ ಐವತ್ತು ದಾಟಿದ ಮೇಲೆ ಸಟ್ಟುಗ, ಚಮಚ ಕೆತ್ತಲು ಕೂತರು.

ಒರಟು ಆಕಾರಕ್ಕೆ ಬಾಚಿ, ಹಿಡಿಗೆ ಕತ್ತಿ, ಗುಳಿ ತೋಡಲು ಕುಲುಮೆಯಲ್ಲಿ ಬಗ್ಗಿಸಿಕೊಂಡ ಉಳಿ, ಇಷ್ಟೇ ಅವರ ಸಲಕರಣೆ. ಮಷೀನ್ ಎಂದರೆ ಮೂಗು ಮುರಿಯುತ್ತಿದ್ದರು. ಮೊದಮೊದಲು ತೊಗಟೆಯನ್ನು ಪೂರ್ತಿ ಸುಲಿದೇ ಕೆತ್ತುತ್ತಿದ್ದರು. ನಾನು ಸುಮ್ಮನಿರಬೇಕಲ್ಲ! "ಹಿಡಿ ತುದೀಲಿ ಸ್ವಲ್ಪ ತೊಗಟೆ ಉಳಿಸಿ ದೊಡ್ಡಮ್ಮ, ಟೂರಿಸ್ಟ್‌ಗಳಿಗೆ ಅದೇ ಚಂದ" ಎಂದೆ. ಹಾಗೇ ಮಾಡಿದರು. ನನ್ನ ಅಂಗಡಿಯಲ್ಲಿಟ್ಟ ಚಮಚಗಳು ಇಟ್ಟ ವಾರದಲ್ಲೇ ಖಾಲಿಯಾಗತೊಡಗಿದವು. ನಾನು ಬೀಗಿದೆ.

ಕಳೆದ ಡಿಸೆಂಬರಿನಲ್ಲಿ ಮಣಿಕಟ್ಟು ನೋವು ತಾಳಲಾರದೆ ಮರ ಕೆತ್ತುವ ಗ್ರೈಂಡರ್ ಮಷೀನ್ ನೋಡಲು ಅವರೇ ಬಂದರು. ಜೊತೆಗೆ ತಮ್ಮ ತೋಟದ್ದೇ ಒಂದು ಕಾಫಿ ಕಾಂಡ. ಕೆತ್ತನೆಗೆಂದೇ ಬರುವ ಹಲ್ಲಿನ ಡಿಸ್ಕ್ ಹಾಕಿ, ನನ್ನ ಜಾಣ್ಮೆ ತೋರಿಸಲು ನಾನೇ ಚಾಲೂ ಮಾಡಿದೆ. ಕತ್ತಿಗೆ ಪಟ್ಟಿಪಟ್ಟಿಯಾಗಿ ಬರುತ್ತಿದ್ದ ತೊಗಟೆ ಡಿಸ್ಕಿಗೆ ಸಿಕ್ಕಿ ಪುಡಿಯಾಗಿ ಹಾರಿತು. ಇಬ್ಬರಿಗೂ ಕಣ್ಣುರಿ, ಕೆಮ್ಮು. ಸ್ವಿಚ್ ಆರಿಸಿದೆ.

"ಎಂಥ ಘಾಟು ದೊಡ್ಡಮ್ಮ ಇದು?"

"ಬೋರರ್ ಮದ್ದು ಕಣೋ. ಕಾಂಡಕ್ಕೆ ಬಳೀತೀನಲ್ಲ, ತೊಗಟೇಲಿ ಹಾಗೇ ಕೂತಿರ್ತದೆ."

ಸೆರಗು ಕೊಡವುತ್ತ ಸಲೀಸಾಗಿ ಹೇಳಿದರು. ಕೊಡವುತ್ತಿದ್ದ ಕೈ ಅಲ್ಲೇ ನಿಂತಿತು.

"ಕೀರ್ತಿ, ಪಾಪುಗೆ ಕೊಟ್ಟಿದ್ದೂ ತೊಗಟೆ ಚಮಚನೇ."

ಪಾಪು ಎಂದರೆ ಮಡಿಕೇರಿಯಲ್ಲಿರುವ ಅವರ ಮಗಳು ವಿನುತಾಳ ಎಂಟು ತಿಂಗಳ ಕೂಸು. ಅದಕ್ಕೆ ನಾಲ್ಕು ದಿನದಿಂದ ವಾಂತಿ. ಹಲ್ಲು ಬರ್ತಿದೆ, ಅದಕ್ಕೇ ಎಂದು ನಾವೆಲ್ಲ ಸಮಾಧಾನ ಹೇಳಿದ್ದೆವು. ಮದ್ದು ಬಳಿದ ದಿನ ಮೂರು ಸಲ ಸೋಪು ಹಾಕಿ ಕೈ ತೊಳೆಯದೆ ಉಣ್ಣದ ಹೆಂಗಸು ಇವರು. ಮದ್ದಿನ ಡಬ್ಬಿ ಮೇಲಿನ ಎಚ್ಚರಿಕೆಯನ್ನು ಊರಿಗೆಲ್ಲ ಓದಿ ಹೇಳುವವನು ನಾನು. ಮದ್ದು ತೋಟದ್ದು, ಚಮಚ ಅಡುಗೆಮನೆಯದ್ದು. ಅವೆರಡೂ ಒಂದೇ ಗಿಡದಲ್ಲಿವೆ ಎಂದು ಇಬ್ಬರ ತಲೆಗೂ ಹೊಳೆದಿರಲಿಲ್ಲ!

ದೊಡ್ಡಮ್ಮ ಫೋನ್ ಮಾಡಿದರು. "ವಿನುತಾ, ಆ ಚಮಚ ಎಲ್ಲಿ?"

"ಅವಳ ಬಾಯಲ್ಲೇ ಇದೆ ಅಮ್ಮ. ಹಿಡಿ ಕಚ್ತಾ ಕೂತಿದಾಳೆ. ಕಿತ್ಕೊಂಡ್ರೆ ಅಳ್ತಾಳೆ."

"ಕಿತ್ಕೊಳೇ! ಬಾಯಿ ತೊಳ್ದು ಆಸ್ಪತ್ರೆಗೆ ಓಡು!" ಅವರು ಅಷ್ಟು ಜೋರಾಗಿ ಕಿರುಚಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ನಾವು ಮಡಿಕೇರಿ ತಲುಪುವಷ್ಟರಲ್ಲಿ ಕೂಸಿಗೆ ಡ್ರಿಪ್ ಹಾಕಿದ್ದರು. ಎರಡು ದಿನ ದೊಡ್ಡಮ್ಮ ಊಟ ಮುಟ್ಟಲಿಲ್ಲ, ತಮ್ಮ ಅಂಗೈಯನ್ನೇ ನೋಡುತ್ತ ಬೆಂಚಿನ ಮೇಲೆ ಕೂತಿದ್ದರು. ಮೂರನೆಯ ದಿನ ವಾಂತಿ ನಿಂತು ಕೂಸು ನಕ್ಕಿತು. "ಚಮಚವೇ ಕಾರಣ ಎಂದು ಖಚಿತವಾಗಿ ಹೇಳಲಾರೆ, ಆದರೆ ಮದ್ದು ಬಳಿದ ತೊಗಟೆ ಯಾರ ಬಾಯಿಗೂ ಹೋಗಕೂಡದು" ಎಂದರು ಡಾಕ್ಟರು. ದೊಡ್ಡಮ್ಮ ಬಿಕ್ಕಿಬಿಕ್ಕಿ ಅತ್ತರು. ನನಗೂ ಹೋದ ಜೀವ ಬಂದಂತಾಯಿತು.

ಆಗ ವಿನುತಾ ಮಗುವನ್ನು ಹೆಗಲಿಗೆ ಹಾಕಿಕೊಂಡು ಕೇಳಿದಳು: "ಅಣ್ಣ, ಅಂಗಡೀಲಿ ಇಂಥವು ಎಷ್ಟು ಮಾರಿದೀಯ?"

ಇನ್ನೂರಕ್ಕೂ ಹೆಚ್ಚು. ಕಾರಿನಿಂದಿಳಿದು ಬಂದು, ಕೊಂಡು, ಹೋದವರು. ಒಬ್ಬರ ಹೆಸರೂ ನನಗೆ ಗೊತ್ತಿಲ್ಲ. ಮಗುವಿಗೆ ಕೊಡಬಹುದಾ ಎಂದು ಕೇಳಿದವರೂ ಇದ್ದರು. ಧಾರಾಳವಾಗಿ ಕೊಡಿ ಎಂದಿದ್ದೆ.