ಕಾಲೆಟ್ಟಿನೊಳಗಿನ ಕುಂಕುಮ

ಕೊಟ್ಟೂರಿನ ನಮ್ಮ ವರ್ಕ್‌ಶಾಪಿನಲ್ಲಿ ಒಂದು ಸಿಎನ್‌ಸಿ ಮಿಲ್ಲಿಂಗ್ ಮಷೀನಿದೆ, ಕಂಪ್ಯೂಟರ್ ಪ್ರೋಗ್ರಾಮಿನಂತೆ ಲೋಹ ಕೊರೆಯುವಂಥದ್ದು. ಹುಬ್ಬಳ್ಳಿಯಿಂದ ತಂದ ಹಳೆಯ ಮಾಲು. ಮೆಕ್ಕೆಜೋಳ ಒಕ್ಕುವ ಯಂತ್ರಗಳಿಗೆ ಬೇರಿಂಗ್ ಕೂರುವ ಹೌಸಿಂಗುಗಳನ್ನು ಅದರಲ್ಲಿ ಕೊರೆಯುತ್ತೇವೆ. ನಮ್ಮ ಯಜಮಾನರು ತೀರಿಕೊಂಡ ಮೇಲೆ ವರ್ಕ್‌ಶಾಪ್ ನನ್ನ ಪಾಲಿಗೆ ಬಂತು. ಮಷೀನ್ ನಡೆಸುವವನು ಕಾನಹೊಸಹಳ್ಳಿಯಿಂದ ದಿನಾ ಬಸ್ಸಿಗೆ ಬರುತ್ತಾನೆ, ಹೆಚ್ಚುಕಮ್ಮಿ ನನ್ನ ವಯಸ್ಸಿನವನೇ. ಹಿಂದೆ ಕುಡಿಯುತ್ತಿದ್ದ. ಬಿಟ್ಟು ಎರಡು ವರ್ಷವಾಗಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ನಾನು ಚುಚ್ಚಿದ್ದು ಅಲ್ಲಿಗೇ.

ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಕಟರ್ ಹಿಡಿದು ತಿರುಗುವ ಸ್ಪಿಂಡಲ್ ಸರ್ರನೆ ಇಳಿದು ಹೌಸಿಂಗಿಗೆ ಗುದ್ದಿತು. ಸದ್ದಿಗೆ ಪಕ್ಕದ ಗೊಬ್ಬರದಂಗಡಿಯವನೂ ಓಡಿಬಂದ. ಕಟರ್ ಮುರಿದು ಚೂರು ಬಾಗಿಲಿಗೆ ಬಡಿದಿತ್ತು. ಮಷೀನ್ ನಡೆಸುವವನು ಅದನ್ನು ನಿಲ್ಲಿಸುವ ಕೆಂಪು ಬಟನ್ ಒತ್ತಿಕೊಂಡೇ ನಿಂತಿದ್ದ. ಕೈ ನಡುಗುತ್ತಿತ್ತು. ನನ್ನ ಕಣ್ಣಿಗೆ ಬಿದ್ದದ್ದು ಆ ನಡುಕ.

“ಮತ್ತ ಶುರು ಹಚ್ಚಿಕೊಂಡಿಯೇನು?” ಎಂದೆ. ಲೇತಿನ ಕೆಲಸದವರಿಬ್ಬರು ಅಲ್ಲೇ ಇದ್ದರು.

“ಇಲ್ರಿ ಅಕ್ಕಾರ. ನಾಕು ದಿನದಿಂದ ಓಡಿಸಿದ ಪ್ರೋಗ್ರಾಮೇ ಐತಿ.”

“ಪ್ರೋಗ್ರಾಮು ಬದಲಾಗಿಲ್ಲಂದ್ರ ಬದಲಾದೋರು ಯಾರು?”

ಅವನು ಊಟದ ಡಬ್ಬಿ ತಗೊಂಡು ಬಸ್‌ಸ್ಟ್ಯಾಂಡಿಗೆ ನಡೆದ.

ಮಾರನೇ ದಿನ ಹರಿಹರದಿಂದ ರಿಪೇರಿಯವರು ಬಂದರು. ಮಾತು ಕಮ್ಮಿಯ ಮನುಷ್ಯ. ಸ್ಪಿಂಡಲನ್ನು ಕೈಯಲ್ಲೇ ತಿರುಗಿಸಿ, “ಕೇಳ್ರಿ, ಉಸುಕು ಅಗದಂಗ ಐತಿ. ಬೇರಿಂಗ್ ಹೋಗ್ಯಾವ,” ಎಂದರು. ಸ್ಪಿಂಡಲಿಗೆ ಅಳತೆಯ ಡಯಲ್ ಕಟ್ಟಿ ಮಷೀನಿನ ಮೇಜಿನ ಮೇಲೆ ಸುತ್ತು ಹೊಡೆಸಿದರು. ಮುಳ್ಳು ಮೇಜಿನ ಮುಂದೊಂದು ಅಳತೆ, ಹಿಂದೊಂದು ಅಳತೆ ತೋರಿಸಿತು. ಗುದ್ದಿಗೆ ಸ್ಪಿಂಡಲ್ ಹೊತ್ತ ತಲೆಯೂ ವಾಲಿತ್ತು.

“ಇದೆಲ್ಲಾ ಸರಿ ಮಾಡಬಹುದು. ಹೊಡದಿದ್ದು ಯಾಕಂತ ಗೊತ್ತಾಗ್ದ ಮುಚ್ಚಿದ್ರ ಮತ್ತ ಹೊಡಿತೈತಿ.”

“ಕುಡದಿದ್ದ,” ಎಂದೆ.

“ಮಷೀನಿಗೆ ಬಾಯಿ ವಾಸನಿ ತಿಳಿಯಂಗಿಲ್ರಿ.”

ಉಳಿದ ಕಟರುಗಳನ್ನು ಒಂದೊಂದಾಗಿ ಅಳೆದರು. ಪ್ರತಿ ಕಟರ್ ಎಷ್ಟುದ್ದ ಹೊರಗೆ ಚಾಚಿದೆ ಎಂಬುದನ್ನು ಮಷೀನಿಗೆ ಹೇಳಿಟ್ಟಿರುತ್ತೇವೆ. ಅದು ಆ ಲೆಕ್ಕವನ್ನೇ ನಂಬಿ ಇಳಿಯುತ್ತದೆ. ಒಂದು ಕಟರೂ ಸ್ಕ್ರೀನಿನ ಅಳತೆಗೆ ಹೊಂದಲಿಲ್ಲ. ಒಂದು ಬೆರಳಗಲ ಹೆಚ್ಚು ಚಾಚಿತ್ತು, ಇನ್ನೊಂದು ಕಮ್ಮಿ. ಆಮೇಲೆ, ಮುರಿದ ಕಟರನ್ನು ಹಿಡಿದಿದ್ದ ಕಾಲೆಟ್ ಬಿಚ್ಚಿದರು. ಒಳಗೆ ಕೆಂಪಗೆ ಪುಡಿ ಮೆತ್ತಿಕೊಂಡಿತ್ತು.

“ಕುಂಕುಮ ಇಷ್ಟು ಒಳಗ ಹೆಂಗ ಹೋತ್ರಿ?”

ಯಜಮಾನರು ಅಮಾವಾಸ್ಯೆಗೆ ಮಷೀನಿನ ಹೊರಗೆ ವಿಭೂತಿ ಕುಂಕುಮ ಹಚ್ಚಿ ಕಾಯಿ ಒಡೆಯುತ್ತಿದ್ದರು, ಅಷ್ಟೇ. ಈ ಸಲ ಇನ್ನೂ ಚೊಕ್ಕವಾಗಿ ಮಾಡಬೇಕು ಎನಿಸಿತ್ತು ನನಗೆ. ರಜೆಯ ದಿನ ಒಬ್ಬಳೇ ಕೂತು ಕಟರುಗಳನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಒಂದೊಂದಕ್ಕೂ ಕುಂಕುಮವಿಟ್ಟು, ಮತ್ತೆ ಕಾಲೆಟ್ಟಿಗೆ ತಳ್ಳಿ ಬಿಗಿದಿದ್ದೆ. ಕಟರ್ ಮೊದಲಿನಷ್ಟೇ ಒಳಗೆ ಹೋಯಿತೋ ಇಲ್ಲವೋ ನೋಡಲಿಲ್ಲ. ಬಿಚ್ಚಿದ್ದೇನೆಂದು ಅವನಿಗೆ ಹೇಳಲೂ ಇಲ್ಲ.

“ನಾನೇ ಹಚ್ಚಿದ್ದು,” ಎಂದೆ. ರಿಪೇರಿಯವರು ಕಾಲೆಟ್ ಒರೆಸತೊಡಗಿದರು.

ಅವತ್ತೇ ಮಧ್ಯಾಹ್ನ ಕಾನಹೊಸಹಳ್ಳಿಗೆ, ಮಷೀನ್ ನಡೆಸುವವನ ಮನೆಗೆ ಹೋದೆ. ಅವನು ಒಳಗೆ ಮಲಗಿದ್ದ. ಬಾಗಿಲಲ್ಲಿ ಅವನ ಹೆಂಡತಿ.

“ನಿನ್ನಿ ಬಂದವನೇ ಬಾಯಿ ತಗದು ನನ್ನ ಮುಂದ ನಿಂತಾನ್ರಿ, ಮೂಸಿ ನೋಡಂತ,” ಎಂದಳು. “ನಾನೂ ಮೂಸಿ ನೋಡಿದೆ ಅಕ್ಕಾರ.”

ಎದ್ದು ಬಂದವನಿಗೆ ನಡೆದದ್ದನ್ನೆಲ್ಲ ಹೇಳಿದೆ.

“ಇಲ್ಲಿ ಹೇಳಿದ್ರ ಏನು ಬಂತ್ರಿ. ನಿನ್ನಿ ಅಲ್ಲಿ ನಿಂತಿದ್ರಲ್ಲ, ಅವರ ಮುಂದ ಹೇಳ್ರಿ,” ಎಂದ.

ಬೇರಿಂಗ್ ಬಂದು, ತಲೆ ನೆಟ್ಟಗಾಗಲು ನಾಲ್ಕು ದಿನ ಹಿಡಿಯಿತು. ಮಷೀನ್ ಚಾಲೂ ಮಾಡುವ ದಿನ ಅವನು ಬಂದ. ಲೇತಿನವರಿಬ್ಬರನ್ನೂ ಗೊಬ್ಬರದಂಗಡಿಯವನನ್ನೂ ಕರೆದು ನಿಲ್ಲಿಸಿದೆ. “ಇವನು ಕುಡಿದಿರಲಿಲ್ಲ. ಕಟರ್ ಬಿಚ್ಚಿ ಕಟ್ಟಿದ್ದು ನಾನು,” ಎಂದೆ.

“ಹೋಗ್ಲಿ ಬಿಡ್ರಿ ಅಕ್ಕಾರ, ಮುಂದಿನ ಅಮಾಸಿಗೆ ಕುಂಕುಮ ನಮ್ಮ ಗೊಬ್ಬರದ ಚೀಲಕ್ಕ ಹಚ್ಚ್ರಿ,” ಎಂದ ಗೊಬ್ಬರದಂಗಡಿಯವನು.

ಮಷೀನ್ ನಡೆಸುವವನು ಎಲ್ಲ ಕಟರುಗಳನ್ನೂ ಹೊಸದಾಗಿ ಅಳೆದು ಮಷೀನಿಗೆ ಹೇಳಿದ. ಮೇಜಿನ ಮೇಲೆ ಏನೂ ಇಡದೆ ಸ್ಪಿಂಡಲನ್ನು ನಿಧಾನವಾಗಿ ಇಳಿಸಿದ, ಕೈ ಕೆಂಪು ಬಟನ್ ಮೇಲೆ. ಸದ್ದು ನುಣ್ಣಗಿತ್ತು. ಆ ಕೈ ಅವತ್ತೂ ನಡುಗುತ್ತಿತ್ತು. ಮೊದಲಿಂದಲೂ ಹಾಗೇ ನಡುಗುತ್ತಿತ್ತೋ ಏನೋ, ನಾನು ನೋಡಿರಲಿಲ್ಲ.