ಸೊಳ್ಳೆ ಹುಡುಗಿಗೊಂದು ಫೆಲೋಶಿಪ್

ದೆಹಲಿಯಲ್ಲಿ ನಾನು ಕೆಲಸಕ್ಕಿದ್ದ ವಿಜ್ಞಾನ ಮ್ಯೂಸಿಯಂ ಸರ್ಕಾರದ್ದಲ್ಲ, ಒಂದು ಟ್ರಸ್ಟಿನದು. ಹಾಗಾಗಿ ವರ್ಷಕ್ಕೊಮ್ಮೆ ಭಿಕ್ಷಾಪಾತ್ರೆ ಹಿಡಿಯುವುದು ನಮ್ಮ ಹಣೆಬರಹ. ಚಳಿಗಾಲದ ಒಂದು ಸಂಜೆ ಸಿರಿವಂತರನ್ನು ಕರೆದು, ಊಟ ಹಾಕಿ, ದೇಣಿಗೆ ಕೇಳುತ್ತಿದ್ದೆವು. ಒಳಗೆ ಗ್ರಹಗಳ ಮಾದರಿ ತಿರುಗುವುದನ್ನು ನಿಲ್ಲಿಸಿ ಯಾವ ಕಾಲವಾಗಿತ್ತೋ. ಆ ಸಂಜೆ ಮಾತ್ರ ಬಾಗಿಲಿಗೆಲ್ಲ ಚೆಂಡುಹೂವಿನ ಹಾರ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು! ಬಂದದ್ದರಲ್ಲಿ ಒಂದು ಪಾಲು ಸಂಶೋಧನೆಗೆ ಹೊರಟ ಹೆಣ್ಣುಮಕ್ಕಳ ಫೆಲೋಶಿಪ್ಪಿಗೆ ಹೋಗುತ್ತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವಳು ನಾನು.

ಆ ವರ್ಷ ಆಯ್ಕೆ ಸಮಿತಿಯ ಪ್ರೊಫೆಸರುಗಳು ಆರಿಸಿದ್ದು ನಮ್ಮ ಕ್ವಾರ್ಟರ್ಸಿನ ಹುಡುಗಿಯನ್ನೇ. ಅವಳಪ್ಪ ಒಂದು ಮಂತ್ರಾಲಯದಲ್ಲಿ ಗುಮಾಸ್ತರು, ಹಾಸನದ ಕಡೆಯವರು. ಹುಡುಗಿ ದೆಹಲಿಯಲ್ಲೇ ಬೆಳೆದವಳು. ಬೇಸಿಗೆಯಲ್ಲಿ ಮನೆಮನೆಗೆ ಹೋಗಿ, "ಆಂಟಿ, ನಿಮ್ಮ ಕೂಲರ್ ಖಾಲಿ ಮಾಡ್ಬೇಡಿ, ಏಕ್ ಮಿನಿಟ್" ಎಂದು ಕೂಲರಿನ ನೀರಲ್ಲಿದ್ದ ಸೊಳ್ಳೆಮರಿಗಳನ್ನು ಬಾಟಲಿಗೆ ತುಂಬಿಕೊಳ್ಳುತ್ತಿದ್ದಳು. ಡೆಂಗಿ ಹರಡುವ ಸೊಳ್ಳೆ ಔಷಧಿ ಹೊಡೆದರೂ ಯಾಕೆ ಸಾಯುತ್ತಿಲ್ಲ ಎನ್ನುವುದು ಅವಳ ಪಿಎಚ್‌ಡಿ ವಿಷಯ. ಕ್ವಾರ್ಟರ್ಸಿನವರು 'ಮಚ್ಛರ್‌ವಾಲಿ', ಸೊಳ್ಳೆಯವಳು, ಎಂದು ರೇಗಿಸುತ್ತಿದ್ದರು. ಸೀಟು ಸಿಕ್ಕಿತ್ತು, ವಿದ್ಯಾರ್ಥಿವೇತನ ಸಿಕ್ಕಿರಲಿಲ್ಲ. ಅಪ್ಪನದು ಒಂದೇ ಮಾತು: "ಫೆಲೋಶಿಪ್ ಬಂದ್ರೆ ಓದ್ಲಿ ಮೇಡಂ, ನಾನು ಬೇಡ ಅನ್ನಲ್ಲ. ಬರ್ಲಿಲ್ಲ ಅಂದ್ರೆ ಗುರ್‌ಗಾಂವ್ ಸಂಬಂಧ ಬಂದಿದೆ, ಮುಗಿಸಿಬಿಡ್ತೀನಿ."

ಬರದೇ ಎಲ್ಲಿ ಹೋಗುತ್ತದೆ ಎಂದು ನಾನು ಧೈರ್ಯ ಹೇಳಿದ್ದೆ. ಆ ಸಲದ ದೊಡ್ಡ ದಾನಿ ಓಖ್ಲಾದ ಕಾರ್ಖಾನೆಯಲ್ಲಿ ಸಿದ್ಧ ಉಡುಪು ಹೊಲಿಸಿ ಹೊರದೇಶಕ್ಕೆ ಕಳಿಸುವ ಹಿರಿಯರು. ದೇಣಿಗೆಯ ಸಂಜೆ ಅಪ್ಪನ ಜೊತೆ ಬಂದಿದ್ದ ಹುಡುಗಿ ಅವರನ್ನು ಮೈಕ್ರೋಸ್ಕೋಪಿನ ಮುಂದೆ ಕೂರಿಸಿ ಸೊಳ್ಳೆಮರಿ ತೋರಿಸಿದಳು. ಅವರು "ಅರೆ ವಾಹ್, ಬೇಟಿ!" ಎಂದು ಎರಡೆರಡು ಸಲ ಬಗ್ಗಿ ನೋಡಿದರು. ನನ್ನ ಎದೆ ಅರಳಿತು. ಕೆಲಸ ಆಯಿತು ಎಂದುಕೊಂಡೆ.

ಅಲ್ಲಿಂದ ಅವರು ಚಹಾದ ಮೇಜಿಗೆ ಬಂದು ಹುಡುಗಿಯ ಅಪ್ಪನ ಹೆಗಲ ಮೇಲೆ ಕೈಯಿಟ್ಟು, ಮನೆಯ ಕಷ್ಟಸುಖ ವಿಚಾರಿಸಿದರು. ದೊಡ್ಡವರು ಹಾಗೆ ಕೇಳಿದರೆ ಹೆಣ್ಣು ಹೆತ್ತ ಗುಮಾಸ್ತ ಏನು ಹೇಳುತ್ತಾನೆ? "ನಿಮ್ಮ ಆಶೀರ್ವಾದ, ಎಲ್ಲ ಚೆನ್ನಾಗಿದೆ ಸಾಬ್. ಮಗಳ ಮದುವೆಯದೊಂದೇ ಚಿಂತೆ" ಎಂದು ಹಿಂದಿಯಲ್ಲಿ ಹೇಳಿ ಕೈಮುಗಿದರು. ಅದು ಬರೀ ಮರ್ಯಾದೆಯ ಮಾತು. ನಮ್ಮ ಕಡೆ ಎಲ್ಲರೂ ಆಡುವ ಮಾತು.

ನಮ್ಮಲ್ಲಿ ದಾನಿಗಳು ತಾವೇ ಮೈಕ್ ಹಿಡಿದು ದಾನ ಘೋಷಿಸುವುದು ಪದ್ಧತಿ. ಹಿರಿಯರು ಹುಡುಗಿಯನ್ನು ವೇದಿಕೆಗೆ ಕರೆದು ತಲೆ ಸವರಿದರು. "ಇವತ್ತಿನಿಂದ ಇವಳು ನನ್ನ ಮಗಳು. ಇವಳ ಮದುವೆಯ ಇಡೀ ಖರ್ಚು ನನ್ನದು. ಕನ್ಯಾದಾನಕ್ಕಿಂತ ದೊಡ್ಡ ಪುಣ್ಯ ಇಲ್ಲ" ಎಂದರು.

ಸಭೆಯೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅಯ್ಯೋ ಶಿವನೇ! ನನ್ನ ಮೈಯೆಲ್ಲ ಉರಿದುಹೋಯಿತು. ಹುಡುಗಿ ಮೈಕಿಗೆ ಬಾಗಿ, "ಸರ್, ಶಾದಿ ನಹೀ, ಪಿಎಚ್‌ಡಿ" ಎಂದಳು. ಅವರು ಜೋರಾಗಿ ನಕ್ಕು "ಪಗ್ಲಿ!", ಹುಚ್ಚುಹುಡುಗಿ, ಎಂದರು. ಜನರೂ ನಕ್ಕರು. ನಾಚಿಕೊಂಡಿದ್ದಾಳೆ ಎಂದೇ ಎಲ್ಲರೂ ತಿಳಿದರು.

ನಾನು ನಿರ್ದೇಶಕರ ಹತ್ತಿರ ಓಡಿದೆ. "ದಾನ ಕೊಡುವವರ ಕೈ ಹಿಡಿದು ತಿದ್ದೋಕಾಗುತ್ತಾ? ನೋಡೋಣ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಅವರು ನೋಡಿದ್ದು ಇಷ್ಟೇ: ಮದುವೆಯ ಹಣ ಟ್ರಸ್ಟಿನ ಮೂಲಕವೇ ಬಂತು, ರಸೀದಿಯೂ ಟ್ರಸ್ಟಿನದೇ. ಉಳಿದ ದೇಣಿಗೆ ಕಟ್ಟಡದ ರಿಪೇರಿಗೆ ಸರಿಹೋಯಿತು. ಆ ವರ್ಷ ಯಾರಿಗೂ ಫೆಲೋಶಿಪ್ ಇಲ್ಲ.

ಅವಳಪ್ಪನ ಹತ್ತಿರ ನಾನು ಜಗಳವನ್ನೇ ಆಡಿದೆ. "ನೀವಾದ್ರೂ ಬೇಡ ಅನ್ನಿ ಸ್ವಾಮಿ!" ಅವರ ಕಣ್ಣಲ್ಲೂ ನೀರು. "ಅಷ್ಟು ಜನದ ಮುಂದೆ ಕೈಮುಗಿದು ಒಪ್ಪಿಕೊಂಡುಬಿಟ್ಟೆ ಮೇಡಂ. ಈಗ ಬೇಡ ಅಂದ್ರೆ ಆ ಪುಣ್ಯಾತ್ಮರಿಗೆ ಅವಮಾನ ಮಾಡಿದ ಹಾಗಲ್ವಾ?" ಆ ಪುಣ್ಯಾತ್ಮರ ಪುಣ್ಯಕ್ಕೆ ಬೆಂಕಿ ಬೀಳಲಿ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬೇಸಿಗೆ ಶುರುವಾಗುವ ಮೊದಲೇ ಮದುವೆ ಮುಗಿಯಿತು.

ಮುಂದಿನ ಚಳಿಗಾಲ ಅವಳು ಗುರ್‌ಗಾಂವ್‌ನಿಂದ ಫೋನ್ ಮಾಡಿದಳು. ದನಿಯಲ್ಲಿ ಜೀವ ಇತ್ತು. "ಆಂಟಿ, ಗೈಡ್ ಇನ್ನೂ ನನ್ನ ಸೀಟ್ ಇಟ್ಕೊಂಡಿದಾರೆ. ಇವರೂ ಓದು ಅಂತಾರೆ. ಅತ್ತೆ ಮಾತ್ರ, ಮನೆ ದುಡ್ಡಲ್ಲಿ ಓದೋದು ಬೇಡ ಅಂತಾರೆ. ಈ ಸಲ ನಾನು ಅಪ್ಲೈ ಮಾಡ್ಲಾ?"

"ಮಾಡೇ ತಾಯಿ!" ಎಂದು ಕೂಗಿಯೇಬಿಟ್ಟೆ. ಅವತ್ತೇ ನಿರ್ದೇಶಕರ ಕೋಣೆಗೆ ಹೋದೆ.

ಅವರು ತಲೆಯಾಡಿಸಿದರು. "ಒಬ್ಬ ಹುಡುಗಿಗೆ ಟ್ರಸ್ಟಿನ ನೆರವು ಒಂದೇ ಸಲ. ಆಕೆಗೆ ಕೊಟ್ಟಾಗಿದೆಯಲ್ಲ?"

"ಏನು ಕೊಟ್ಟಿದ್ದೀರಿ? ಸೀರೆ, ಒಡವೆ, ಶಾಮಿಯಾನ! ಅದರಲ್ಲಿ ಸೊಳ್ಳೆ ಸಂಶೋಧನೆ ಮಾಡಬೇಕಾ?" ನನ್ನ ದನಿ ಹೊರಗಿನ ವರಾಂಡಕ್ಕೂ ಕೇಳಿಸಿರಬೇಕು. ಅವರು ಸಿಟ್ಟಾಗಲಿಲ್ಲ. ಅವತ್ತೇ ಇದ್ದ ಆ ವರ್ಷದ ದೇಣಿಗೆ ಸಂಜೆಗೆಂದು ಪ್ರೆಸ್ಸಿನಿಂದ ಬಂದಿದ್ದ ಹೊಸ ಕಿರುಹೊತ್ತಿಗೆಯನ್ನು ಮೇಜಿನ ಮೇಲಿಟ್ಟರು. 'ನಾವು ಬೆಳೆಸಿದ ಮಹಿಳಾ ವಿಜ್ಞಾನಿಗಳು' ಎನ್ನುವ ಪುಟದಲ್ಲಿ ಎಲ್ಲರಿಗಿಂತ ಮೇಲೆ ಅವಳಿದ್ದಳು. ಹಣೆಗೆ ಬಾಸಿಂಗ, ಕೊರಳಲ್ಲಿ ಹಾರ, ಪಕ್ಕದಲ್ಲಿ ಓಖ್ಲಾದ ಹಿರಿಯರು.

ನನ್ನ ಮೇಜಿಗೆ ಬಂದು ಅವಳಿಗೆ ಫೋನ್ ಮಾಡಿ, ನಿಯಮವನ್ನೂ ಹೇಳಿದೆ, ಫೋಟೋದ ಸಂಗತಿಯನ್ನೂ ಹೇಳಿದೆ. ಮುಚ್ಚಿಟ್ಟು ಏನು ಮಾಡಲಿ?

"ಅಂದ್ರೆ, ನನ್ನ ಮದುವೇನೇ ನನ್ನ ಫೆಲೋಶಿಪ್ಪಾ ಆಂಟಿ?" ಎಂದಳು.

ನಾನು ಅಳತೊಡಗಿದೆ. ಅವಳೇ ನನಗೆ ಸಮಾಧಾನ ಹೇಳಿದಳು. "ಅಳ್ಬೇಡಿ ಆಂಟಿ, ಪ್ಲೀಸ್. ಫೆಲೋಶಿಪ್ ಹೋಗ್ಲಿ. ಆ ಫೋಟೋ ಒಂದು ತೆಗೆಸಿಬಿಡಿ."

ಹೊರಗೆ ಅತಿಥಿಗಳ ಕಾರುಗಳು ಬರತೊಡಗಿದ್ದವು.

"ಆಗಲ್ಲ ಕಣೇ, ಪ್ರಿಂಟ್ ಆಗಿಬಿಟ್ಟಿದೆ" ಎಂದೆ.