ಕಮಲದ ಕಾಸಿನ ಸರ

ದೇವರ ಗೂಡು ಒರೆಸುವಾಗ ಇಪ್ಪತ್ತು ಪೈಸೆಯ ಹಳೆಯ ಹಿತ್ತಾಳೆ ನಾಣ್ಯವೊಂದು ಸಿಕ್ಕಿತು. ಹುಣಸೆಹಣ್ಣು ಹಚ್ಚಿ ಉಜ್ಜಿದೆ. ಅದರ ಮೇಲಿನ ಕಮಲ ಹೊಳೆಯಿತು, ಪದ್ಮಕ್ಕ ನೆನಪಾದರು.

ಎಂಬತ್ತರ ದಶಕದ ಕೊನೆಯಲ್ಲಿ, ಮುಂಬಯಿಯ ಸಯನ್ನಿನ ನಮ್ಮ ಬಿಲ್ಡಿಂಗಿನಲ್ಲಿ ಅವರದು ಎದುರು ಮನೆ. ಮೈಸೂರಿನವರು. ಹೊಸದಾಗಿ ಮದುವೆಯಾಗಿ ಬಂದಿದ್ದ ನನಗೆ ಸಾರಿನ ಪುಡಿಯಿಂದ ಲೋಹಶಾಸ್ತ್ರದವರೆಗೆ ಅವರೇ ಗುರು.

"ಈ ಹತ್ತು ಪೈಸೆ ನೋಡು, ಅಲ್ಯೂಮಿನಿಯಂ ತಪ್ಪಲೆ ಚೂರು. ಉಫ್ ಅಂದ್ರೆ ಹಾರತ್ತೆ. ಹೊಸಾ ನಾಲ್ಕಾಣೆ ಸ್ಟೀಲ್ ಚಮಚ ಕರಗಿಸಿದ್ದು. ಈ ಕಮಲದ್ದು ಮಾತ್ರ ಬಂಗಾರ ಬೆರೆಸಿದ್ದು ಕಣೇ!"

ನಗಬೇಡಿ, ಆಗ ಬಹಳ ಜನ ಹಾಗೆ ನಂಬಿದ್ದರು. ಬಿ.ಎಸ್ಸಿ. ಓದಿದ್ದ ನಾನೂ ನಂಬಿದ್ದೆ.

ಕಾಸಿನ ಸರ ಅವರ ಬಹುಕಾಲದ ಆಸೆ. ಅವರ ಗಂಡ ರಾಯರ ಸಂಬಳಕ್ಕೆ ಅದು ಎಟುಕುವಂಥದ್ದಲ್ಲ. ಹಾಗಾಗಿ ಹದಿನೈದು ಕಮಲದ ನಾಣ್ಯ ಕೂಡಿಸಿ, ಮಾಟುಂಗದ ಅಕ್ಕಸಾಲಿಗನ ಬಳಿ ಕೊಂಡಿ ಹಾಕಿಸಿ ಪೋಣಿಸಿದರು. ಮೊದಲ ದಿನವೇ ಮುಂಬಯಿಯ ಬೆವರಿಗೆ ಕೊರಳು ಹಸಿರಾಯಿತು. "ಹಿತ್ತಾಳೆನೇ ಕಣೇ," ಎಂದು ನನ್ನ ಕಿವಿಯಲ್ಲಿ ಉಸುರಿದರು. ಸರವನ್ನು ಮಾತ್ರ ತೆಗೆಯಲಿಲ್ಲ.

ಒಂದು ಭಾನುವಾರ ಡೊಂಬಿವಲಿಯ ಮದುವೆಗೆಂದು ಲೋಕಲ್ ಹತ್ತಿದೆವು. ನನ್ನ ಅಸಲಿ ಸರ ಸೆರಗಿನ ಒಳಗೆ, ಅವರದು ಸೆರಗಿನ ಮೇಲೆ. ಬಾಗಿಲ ಬಳಿ ನಿಂತು, ಲೇಡೀಸ್ ಡಬ್ಬಿಯ ಹೆಂಗಸರಿಗೆಲ್ಲ "ಮೇರಾ ಮಾಂ ದಿಯಾ, ಅಸಲಿ ಸೋನಾ" ಎಂದು ಹರಕು ಹಿಂದಿಯಲ್ಲಿ, ಅಮ್ಮ ಕೊಟ್ಟ ಅಪ್ಪಟ ಬಂಗಾರವೆಂದು ತೋರಿಸಿಯೂ ಆಯಿತು. ಕುರ್ಲಾದಲ್ಲಿ ಗಾಡಿ ಹೊರಟಿತೋ ಇಲ್ಲವೋ, ಪ್ಲಾಟ್‌ಫಾರ್ಮಿನಿಂದ ಒಂದು ಕೈ ಚಾಚಿ ಸರ ಕಿತ್ತುಕೊಂಡಿತು.

ಡಬ್ಬಿಗೆ ಡಬ್ಬಿಯೇ ಗೋಳಾಡಿತು. ಪದ್ಮಕ್ಕ ಬೇಡಬೇಡವೆಂದರೂ ಕೇಳದೆ ಕೆಲವು ಹೆಂಗಸರು ನಮ್ಮನ್ನು ಮುಂದಿನ ಸ್ಟೇಷನ್ನಿನಲ್ಲಿ ಇಳಿಸಿ ಪೊಲೀಸನ ಎದುರು ನಿಲ್ಲಿಸಿದರು.

"ಕಿತ್ನಾ ತೋಲಾ?" ಎಂದ ಆತ.

ಪದ್ಮಕ್ಕ ನನ್ನ ಮುಖ ನೋಡಿದರು. ಸುಳ್ಳು ಹೇಳಿದರೆ ಯಾವನೋ ಬಡಪಾಯಿ ತೊಲಗಟ್ಟಲೆ ಬಂಗಾರಕ್ಕಾಗಿ ಒದೆ ತಿನ್ನುತ್ತಾನೆ. ನಿಜ ಹೇಳಿದರೆ ಈ ಹೆಂಗಸರ ಮುಂದೆ ಮಾನ ಹೋಗುತ್ತದೆ. ಕೊರಳ ಹಸಿರು ಗೆರೆಯನ್ನು ಸವರಿಕೊಂಡು ಹೇಳಿದರು:

"ತೋಲಾ ನಹೀ ಸಾಬ್. ತೀನ್ ರುಪಯಾ."

ಪೊಲೀಸ್ ನಕ್ಕ, ಹೆಂಗಸರು ನಕ್ಕರು, ಕೊನೆಗೆ ಪದ್ಮಕ್ಕನೂ ಕಣ್ಣೊರೆಸಿಕೊಳ್ಳುತ್ತ ನಕ್ಕರು.

ಮದುವೆಮನೆಯಲ್ಲಿ ನಾನು ಬಾಯಿ ಬಿಡಲಿಲ್ಲ. ಅವರೇ ಪಂಕ್ತಿಯಲ್ಲಿ ಕುಳಿತು, ಕಳ್ಳನು ಸರ ಮಾರಲು ಹೋಗಿ ಅಕ್ಕಸಾಲಿಗನೊಡನೆ ಜಗಳವಾಡುವ ದೃಶ್ಯವನ್ನೂ ಸೇರಿಸಿ ಎಲ್ಲವನ್ನೂ ಹೇಳಿದರು. ಬಡಿಸುವವರು ಸಾರಿನ ಬಕೆಟ್ಟು ಹಿಡಿದು ನಿಂತೇಬಿಟ್ಟರು. ಹಿಂದಿರುಗುವಾಗ ಅಂದರು: "ಸರ ಹಾಕ್ಕೊಂಡಿದ್ದಾಗ ಎಲ್ಲಾರೂ ಕತ್ತೇ ನೋಡ್ತಿದ್ರು ಕಣೇ. ಇವತ್ತು ಮುಖ ನೋಡಿದ್ರು."

ಅದನ್ನೂ ಅಂದು ತಮಾಷೆಯೆಂದೇ ನಕ್ಕಿದ್ದೆ. ಈಗ ನನಗೆ ಅವರ ಆಗಿನ ವಯಸ್ಸೂ ದಾಟಿದೆ. ನಾಳೆ ತಂಗಿಯ ಮಗಳ ಮದುವೆ. ಲಾಕರಿನಿಂದ ಒಡವೆ ತರಬೇಕೆಂದು ಬೆಳಿಗ್ಗೆಯಿಂದ ಚಡಪಡಿಸುತ್ತಿದ್ದವಳು, ಬ್ಯಾಂಕು ಮುಚ್ಚುವ ಹೊತ್ತಾದರೂ ಹೊರಡದೆ, ಇನ್ನೊಂದು ಲೋಟ ಕಾಫಿ ಬೆರೆಸಿಕೊಂಡೆ.